ಎಳೆಯ ಮಕ್ಕಳೂ ಹಣದ ಎಣಿಕೆಯೂ

(ನಮ್ಮ ಶಾಲೆಯ ಪಾಲಕರ ಸಭೆಯಲ್ಲಿ ಮುಖ್ಯಾಧ್ಯಾಪಕರು ಮಾಡಿದ ಭಾಷಣ)



ಪಾಲಕರ ಸಭೆಯಲ್ಲಿ ಪರೀಕ್ಷೆಯ ಫಲಿತಾಂಶವನ್ನೂ ಕಟ್ಟಡ ನಿಧಿಯನ್ನೂ ಕುರಿತು ಮಾತನಾಡುವುದು ನಮ್ಮ ವಾಡಿಕೆ. ಇಂದು ಆ ವಾಡಿಕೆಯನ್ನು ಬಿಟ್ಟು ಅತ್ಯಂತ ಸಣ್ಣದೆಂದು ತೋರುವ ಒಂದು ವಿಷಯವನ್ನು ತಮ್ಮ ಮುಂದಿಡಬಯಸುತ್ತೇವೆ. ಆರೇಳು ವರ್ಷದ ಮಗುವಿಗೆ ಮನೆಯಲ್ಲಿ ಹಣ ಎಣಿಸಲು ಕಲಿಸುವುದು ಹೇಗೆ ಎಂಬುದೇ ಆ ವಿಷಯ. ಇದು ಸಣ್ಣ ವಿಷಯವಲ್ಲವೆಂಬುದನ್ನು ನಮಗೆ ಕಲಿಸಿಕೊಟ್ಟವನು ನಮ್ಮ ಶಾಲೆಯ ಒಬ್ಬ ಪುಟ್ಟ ಬಾಲಕ.

ಮೂರು ವರ್ಷಗಳ ಹಿಂದಿನ ಮಾತು. ಆಗ ಅವನು ಎರಡನೆಯ ಇಯತ್ತೆಯಲ್ಲಿದ್ದನು. ಒಂದು ಸಂಜೆ ತಂದೆಯು 50 ರೂಪಾಯಿಯ ನೋಟೊಂದನ್ನು ಅವನ ಕೈಯಲ್ಲಿಟ್ಟು ಅಂಗಡಿಗೆ ಕಳುಹಿಸಿದರು. ಅಂಗಡಿಯವರು ಸಾಮಾನನ್ನು ಕಟ್ಟಿ, ಮರಾಠಿಯಲ್ಲಿ ‘ಅಠ್ಠಾವೀಸ್’ ಎಂದರು. ಬಾಲಕನು ಕೇಳಿದಂತೆಯೇ ಮನಸ್ಸಿನಲ್ಲಿ ಬರೆದುಕೊಂಡನು: ಮೊದಲು ಎಂಟು ಕೇಳಿಸಿತು, ಆದ್ದರಿಂದ ಮೊದಲು 8, ಆಮೇಲೆ ಇಪ್ಪತ್ತರ 2. ಒಟ್ಟಿಗೆ 82! ತನ್ನ ಕೈಯಲ್ಲಿರುವುದು 50 ಮಾತ್ರ. ಹಣ ಸಾಲದೆಂದು ಬಗೆದು, ಸಾಮಾನನ್ನು ಅಲ್ಲಿಯೇ ಬಿಟ್ಟು, ಅಳುತ್ತ ಮನೆಗೆ ಬಂದನು. ಅಂಗಡಿಯಲ್ಲಿದ್ದ ಹಿರಿಯ ಹುಡುಗರು ನಕ್ಕುಬಿಟ್ಟಿದ್ದರು. ಮರುದಿನ ಅವನು ಶಾಲೆಗೆ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ.

ಮೂರನೆಯ ದಿನ ತಂದೆಯವರು ನಮ್ಮ ಕೋಣೆಗೆ ಬಂದರು. “ಇಪ್ಪತ್ತೆಂಟು ರೂಪಾಯಿ ಕೊಡಾಕ ಬರೂದಿಲ್ಲಂದ್ರ ಈ ಕನ್ನಡ ಸಾಲಿ ಕಲತು ಏನ ಮಾಡ್ತಾನ್ರಿ? ಜೂನ್ ತಿಂಗಳಿಗೆ ದಾಖಲೆ ಕೊಟ್ಟುಬಿಡ್ರಿ” ಎಂದರು. ನಾವು ಬಾಲಕನ ವಹಿಯನ್ನು ತರಿಸಿ ನೋಡಿದೆವು. 50ರಲ್ಲಿ 28 ಕಳೆದರೆ 22 ಎಂದು ತಪ್ಪಿಲ್ಲದೆ ಬರೆದಿದ್ದನು! ವಹಿಯಲ್ಲಿ ಬಂದದ್ದು ಅಂಗಡಿಯಲ್ಲಿ ಏಕೆ ಬರಲಿಲ್ಲ? ಆ ಪ್ರಶ್ನೆ ನಮ್ಮ ನಿದ್ರೆಯನ್ನು ಕೆಡಿಸಿತು.

ವಿಚಾರಿಸಿ ನೋಡಲಾಗಿ, ತಪ್ಪು ಬಾಲಕನದೂ ಅಲ್ಲ, ಅಂಗಡಿಯವರದೂ ಅಲ್ಲ, ಕನ್ನಡದ್ದಂತೂ ಅಲ್ಲವೇ ಅಲ್ಲ. ಅದು ನಮ್ಮದು ಎಂದು ತಿಳಿಯಿತು. ನಾವು ನಾಣ್ಯಗಳ ಚಿತ್ರವನ್ನು ತೋರಿಸಿ ಹಣವನ್ನು ಕಲಿಸಿದ್ದೆವು. ನಾಣ್ಯವನ್ನು ಕೈಗೆ ಕೊಟ್ಟಿರಲಿಲ್ಲ. ಪೇಟೆಯ ಭಾಷೆಯಲ್ಲಿ ಸಂಖ್ಯೆಗಳನ್ನು ಹೇಗೆ ಹೇಳುವರೆಂಬುದನ್ನು ತಿಳಿಸಿರಲಿಲ್ಲ. ಮೇಲಾಗಿ, “ಲೆಕ್ಕವನ್ನು ನಮಗೆ ಬಿಡಿರಿ, ಮನೆಯಲ್ಲಿ ಕಲಿಸಿ ಗೊಂದಲ ಮಾಡಬೇಡಿರಿ” ಎಂದು ಪಾಲಕರಿಗೆ ಹೇಳುತ್ತ ಬಂದಿದ್ದೆವು. ಆ ಮಾತನ್ನು ಇಂದು ಈ ಸಭೆಯಲ್ಲಿ ಹಿಂದಕ್ಕೆ ತೆಗೆದುಕೊಳ್ಳುತ್ತೇವೆ.

ನಮ್ಮ ಕಣ್ಣು ತೆರೆಸಿದವರು ಆ ಬಾಲಕನ ತಾಯಿಯವರು. ವಾರದ ಸಂತೆಯಲ್ಲಿ ಕಾಯಿಪಲ್ಲೆ ಮಾರುವ ಅವರು, “ನಾ ಸಾಲಿ ಕಲ್ತಾಕಿ ಅಲ್ರಿ ಗುರುಗಳ. ಆದ್ರ ರೊಕ್ಕದ ಲೆಕ್ಕಾ ಎಂದೂ ತಪ್ಪಿಲ್ರಿ” ಎಂದರು. ಎರಡು ತಿಂಗಳು ಪ್ರತಿ ಸಂತೆಗೆ ಮಗನನ್ನು ಬಗಲಲ್ಲಿ ಕುಳ್ಳಿರಿಸಿಕೊಂಡರು. ನಾವೂ ಒಂದೆರಡು ಸಲ ಹೋಗಿ ಅವರ ಬೋಧನಕ್ರಮವನ್ನು ನೋಡಿದೆವು. ಶಿಕ್ಷಕರ ತರಬೇತಿಯಲ್ಲಿ ಕಲಿಯದ ಕೆಲವು ಸಂಗತಿಗಳನ್ನು ಅಲ್ಲಿ ಕಲಿತೆವು. ಈಗ ಹೇಳುವ ಮಾತುಗಳಲ್ಲಿ ಅರ್ಧ ಆ ತಾಯಿಯವರವು.

ಮೊದಲನೆಯದಾಗಿ, ಹಣಕ್ಕಿಂತ ಮೊದಲು ಎಣಿಕೆ ಬರಬೇಕು. ಶೇಂಗಾಬೀಜವನ್ನೋ ಹುಣಿಸೆಬೀಜವನ್ನೋ ಒಂದೊಂದಾಗಿ ಮುಟ್ಟಿ, ಪಕ್ಕಕ್ಕೆ ಸರಿಸುತ್ತ ಮಗುವು ಎಣಿಸಲಿ. ಬಾಯಿಯು ನೂರರವರೆಗೆ ಓಡಿದರೂ ಕೈಯು ಹತ್ತಕ್ಕೇ ತಪ್ಪುವ ಮಕ್ಕಳನ್ನು ನಾವು ನಿತ್ಯವೂ ಕಾಣುತ್ತೇವೆ. ಬಾಯಿಯೂ ಕೈಯೂ ಜೊತೆಗೂಡಿದ ಮೇಲೆ ನಾಣ್ಯವನ್ನು ಕೊಡಿರಿ. ತೀರ ಚಿಕ್ಕ ಮಕ್ಕಳು ನಾಣ್ಯವನ್ನು ಬಾಯಿಗೆ ಹಾಕಿಕೊಳ್ಳುವರು. ಆದುದರಿಂದ ಎದುರಿಗೆ ಕುಳಿತು ಆಡಿಸಿ, ಮುಗಿದ ಕೂಡಲೆ ಎತ್ತಿಡಿರಿ.

ಎರಡನೆಯದಾಗಿ, ಮಗುವಿನ ನಿಜವಾದ ಕಷ್ಟವನ್ನು ಅರಿತುಕೊಳ್ಳಿರಿ. ಬೀಜ ಒಂದಾದರೆ ಒಂದೇ. ಆದರೆ ನಾಣ್ಯ ಒಂದಾದರೂ ಅದರ ಬೆಲೆ ಐದು! ಮೂರು ಐದರ ನಾಣ್ಯಗಳನ್ನು ಕಂಡು ಮಗುವು “ಮೂರು ರೂಪಾಯಿ” ಎಂದರೆ ಅದು ದಡ್ಡತನವಲ್ಲ. ನಾವು ಕಲಿಸಿದಂತೆಯೇ ಅದು ಎಣಿಸಿದೆ. ಗಾತ್ರವೂ ಮಗುವನ್ನು ಮೋಸಗೊಳಿಸುತ್ತದೆ. ಇನ್ನೂ ಚಲಾವಣೆಯಲ್ಲಿರುವ ಹಳೆಯ ಮಾದರಿಯ 2 ರೂಪಾಯಿಯ ನಾಣ್ಯವು 5 ರೂಪಾಯಿಯದಕ್ಕಿಂತ ಅಗಲವಾಗಿದೆ. ದೊಡ್ಡದಕ್ಕೆ ದೊಡ್ಡ ಬೆಲೆಯೆಂದು ಮಗುವು ತಿಳಿದರೆ ಆಶ್ಚರ್ಯವೇನು?

ಇದಕ್ಕೆ ಚಿಲ್ಲರೆಯ ಆಟವೇ ಔಷಧ. ಐದು ಒಂದರ ನಾಣ್ಯಗಳನ್ನು ಸಾಲಾಗಿಟ್ಟು, ಅವುಗಳ ಎದುರಿಗೆ ಒಂದು ಐದರ ನಾಣ್ಯವನ್ನಿಡಿರಿ. “ಇವು ಐದೂ ಸೇರಿ ಇದೊಂದು” ಎಂದು ಹೇಳಿ ಅದಲು ಬದಲು ಮಾಡಿರಿ. ಒಮ್ಮೆ ಮಗುವು ಅಂಗಡಿಕಾರನಾಗಲಿ, ಇನ್ನೊಮ್ಮೆ ತಾವಾಗಿರಿ. ಐದು ಒಂದುಗಳ ಆಟ ತಪ್ಪಿಲ್ಲದೆ ಬಂದ ಮೇಲೆ ಎರಡು ಐದುಗಳಿಗೆ ಒಂದು ಹತ್ತು. ಆಮೇಲೆ ಎರಡು ಹತ್ತುಗಳಿಗೆ ಒಂದು ಇಪ್ಪತ್ತು. ದಿನಕ್ಕೆ ಹತ್ತು ನಿಮಿಷ ಸಾಕು. ಮಗುವಿಗೆ ಬೇಸರ ಬರುವ ಮುನ್ನವೇ ಆಟ ಮುಗಿಯಲಿ.

ಮೂರನೆಯದಾಗಿ, ದೊಡ್ಡದರಿಂದ ಎಣಿಸುವ ರೂಢಿಯನ್ನು ಹಾಕಿರಿ. ಮುಷ್ಟಿಯಲ್ಲಿ ಹತ್ತು, ಐದು, ಎರಡು, ಒಂದು ಎಲ್ಲವೂ ಕಲೆತಿದ್ದರೆ ಮೊದಲು ಜಾತಿವಾರು ಬೇರ್ಪಡಿಸಿ, ಹತ್ತುಗಳಿಂದ ಆರಂಭಿಸಬೇಕು: ಹತ್ತು, ಇಪ್ಪತ್ತು; ಇಪ್ಪತ್ತೈದು, ಮೂವತ್ತು; ಮೂವತ್ತೆರಡು; ಮೂವತ್ತಮೂರು. ಇದಕ್ಕೆ ಐದರ ಮಗ್ಗಿಯೂ ಹತ್ತರ ಮಗ್ಗಿಯೂ ಬಾಯಿಪಾಠವಿದ್ದರೆ ಸಾಕು.

ನಾಲ್ಕನೆಯದು, ಉಳಿದ ಹಣವನ್ನು ಮರಳಿಸುವ ಲೆಕ್ಕ. ಶಾಲೆಯಲ್ಲಿ ನಾವು ಸೊನ್ನೆಯಲ್ಲಿ ಎಂಟು ಹೋಗುವುದಿಲ್ಲ, ಐದರಿಂದ ಒಂದು ದಶಕ ತೆಗೆದುಕೋ ಎಂದು ಕಲಿಸುತ್ತೇವೆ. ಸಂತೆಯಲ್ಲಿ ಆ ತಾಯಿಯವರು ಕಳೆಯುವುದೇ ಇಲ್ಲ, ಕೂಡಿಸುತ್ತಾರೆ! “ಇಪ್ಪತ್ತೆಂಟು” ಎಂದು ಆರಂಭಿಸಿ, ಎರಡು ರೂಪಾಯಿ ಕೈಗಿಟ್ಟು “ಮೂವತ್ತು” ಎನ್ನುತ್ತಾರೆ. ಹತ್ತಿಟ್ಟು “ನಲವತ್ತು”, ಇನ್ನೊಂದು ಹತ್ತಿಟ್ಟು “ಐವತ್ತು” ಎಂದು ಮುಗಿಸುತ್ತಾರೆ. ಕೊಟ್ಟದ್ದು 22. ಗಿರಾಕಿಯ ಕಣ್ಣೆದುರಿಗೇ ಲೆಕ್ಕ ಪೂರ್ಣವಾಯಿತು. ವಹಿಯ ವ್ಯವಕಲನವೂ ಬೇಕು. ಆದರೆ ಎಳೆಯ ಮಗುವಿಗೆ ಪೇಟೆಯಲ್ಲಿ ಈ ದಾರಿಯೇ ಹಗುರ. ಈಗ ನಾವು ಎರಡನ್ನೂ ಕಲಿಸುತ್ತಿದ್ದೇವೆ.

ಐದನೆಯದು, ಗಡಿನಾಡಿನವರಾದ ನಮಗೇ ವಿಶೇಷವಾದ ಮಾತು. ಕನ್ನಡದಲ್ಲಿ ಇಪ್ಪತ್ತು ಮೊದಲು, ಎಂಟು ಆಮೇಲೆ. ಅಂಕಿಯಲ್ಲಿ ಬರೆಯುವ ಕ್ರಮವೂ ಅದೇ. ಹದಿಮೂರರಿಂದ ಮುಂದೆ ನಮ್ಮ ಸಂಖ್ಯಾನಾಮಗಳು ಎಳೆಯ ಮಗುವಿಗೆ ದಾರಿ ತೋರಿಸುತ್ತವೆ. ಮರಾಠಿಯಲ್ಲಿ ಏಕಸ್ಥಾನವನ್ನು ಮೊದಲು ಹೇಳುವರು: ‘ಪಂಚವೀಸ್’ ಎಂದರೆ 25, ‘ಬಾವನ್ನ’ ಎಂದರೆ 52. 29ಕ್ಕೆ ‘ಏಕೋಣತೀಸ್’, ಅಂದರೆ ಮೂವತ್ತಕ್ಕೆ ಒಂದು ಕಡಿಮೆ. 2019ರಲ್ಲಿ ಮಹಾರಾಷ್ಟ್ರದ ಎರಡನೆಯ ಇಯತ್ತೆಯ ಗಣಿತ ಪುಸ್ತಕದಲ್ಲಿ ‘ವೀಸ್ ಏಕ್, ವೀಸ್ ದೋನ್’ ಎಂದು ದಶಕವನ್ನು ಮೊದಲು ಹೇಳುವ ರೀತಿಯನ್ನು ಸೇರಿಸಿದಾಗ ರಾಜ್ಯದಲ್ಲೆಲ್ಲ ದೊಡ್ಡ ಚರ್ಚೆಯೇ ನಡೆಯಿತು. ಮರಾಠಿ ಮಕ್ಕಳಿಗೂ ಇದು ತೊಡಕೆಂಬುದು ಅದರಿಂದ ತಿಳಿಯುತ್ತದೆ. ಹಾಗಿರುವಾಗ ನಮ್ಮ ಬಾಲಕನು ತೊಡಕಿದ್ದು ಅಪರಾಧವೇ?

ಮರಾಠಿ ನಮ್ಮ ನೆರೆಯ ಭಾಷೆ, ನಮ್ಮ ರಾಜ್ಯದ ಭಾಷೆ. ಅದನ್ನು ಚೆನ್ನಾಗಿ ಕಲಿಯಬೇಕು. ಆದರೆ ಎಣಿಕೆಯ ಬೇರು ಮೊದಲು ಮನೆಮಾತಿನಲ್ಲಿ ಇಳಿಯಲಿ. ಆಮೇಲೆ ಎರಡನ್ನೂ ಜೋಡಿಸಿರಿ: ನೋಟನ್ನಿಟ್ಟು ‘ಐವತ್ತು, ಪನ್ನಾಸ್’, ನಾಣ್ಯಗಳನ್ನಿಟ್ಟು ‘ಇಪ್ಪತ್ತೆಂಟು, ಅಠ್ಠಾವೀಸ್’. ನಮ್ಮ ಹಿರಿಯರು ಆಡುವ ‘ದೀಡ’ ಎಂದರೆ ಒಂದೂವರೆ, ‘ಅಡೀಚ’ ಎಂದರೆ ಎರಡೂವರೆ ಎಂಬುದನ್ನೂ ತಿಳಿಸಿರಿ. ‘ದೀಡಶೇ’ ಎಂಬುದು 150 ಎಂದು ತಿಳಿಯದ ಮಗುವು ಪೇಟೆಯಲ್ಲಿ ಕಂಗಾಲಾಗುತ್ತದೆ.

ನೋಟುಗಳನ್ನು ತೋರಿಸುವಾಗ ಹಿಂಬದಿಯ ಭಾಷೆಗಳ ಪಟ್ಟಿಯನ್ನೂ ಮಗುವಿಗೆ ತೋರಿಸಿರಿ. ಅಲ್ಲಿ 15 ಭಾಷೆಗಳಲ್ಲಿ ಬೆಲೆಯನ್ನು ಬರೆದಿದೆ. ಮೇಲಿನಿಂದ ನಾಲ್ಕನೆಯ ಸಾಲು ಕನ್ನಡ, ಎಂಟನೆಯದು ಮರಾಠಿ. ಹೊಸ ಮಾದರಿಯ 20ರ ನೋಟಿನ ಮೇಲೆ ಮಹಾರಾಷ್ಟ್ರದಲ್ಲಿರುವ ವೇರೂಳದ ಗುಹೆಗಳ ಚಿತ್ರವಿದೆ. 50ರ ನೋಟಿನ ಮೇಲೆ ಹಂಪೆಯ ಕಲ್ಲಿನ ರಥವಿದೆ. ತನ್ನ ಓದಿನ ಭಾಷೆಯನ್ನು ದೇಶದ ನೋಟಿನ ಮೇಲೆ ತಾನೇ ಓದಿದ ಮಗುವು, ತನ್ನ ಶಾಲೆಯನ್ನು ಕುರಿತು ನಾಚಿಕೊಳ್ಳಲಾರದು.

ಅಜ್ಜ ಅಜ್ಜಿಯರನ್ನೂ ಈ ಕಾರ್ಯದಲ್ಲಿ ಸೇರಿಸಿಕೊಳ್ಳಿರಿ. 1957ರ ಏಪ್ರಿಲ್ 1ರಂದು ದಶಮಾನ ನಾಣ್ಯಪದ್ಧತಿ ಬರುವವರೆಗೆ ರೂಪಾಯಿಗೆ 16 ಆಣೆ, ಆಣೆಗೆ 12 ಪೈ ಇದ್ದವು. ಅದಕ್ಕಾಗಿಯೇ ಹಿಂದಿನವರು ಕಾಲು, ಅರೆ, ಮುಕ್ಕಾಲುಗಳ ಮಗ್ಗಿಯನ್ನು ಬಾಯಿಪಾಠ ಮಾಡುತ್ತಿದ್ದರು. ‘ನಾಲ್ಕಾಣೆ’ ಎಂದರೆ 25 ಪೈಸೆ, ‘ಎಂಟಾಣೆ’ ಎಂದರೆ 50 ಪೈಸೆ. 25 ಪೈಸೆಯ ನಾಣ್ಯವು 2011ರ ಜೂನ್ ಕೊನೆಯಿಂದ ಚಲಾವಣೆಯಲ್ಲಿಲ್ಲ. ಆದರೆ ಮನೆಯ ಮೂಲೆಯಲ್ಲಿರುವ ಹಳೆಯ ನಾಣ್ಯವೊಂದು ಅಜ್ಜನ ಕೈಯಲ್ಲಿ ಒಳ್ಳೆಯ ಪಾಠವಾಗುತ್ತದೆ.

ಆರನೆಯದು ಇಂದಿನ ಕಾಲದ ತೊಡಕು. 2016ರಿಂದೀಚೆಗೆ ಮೊಬೈಲಿನ ಮೂಲಕ ಹಣ ಕೊಡುವ ಯುಪಿಐ ಪದ್ಧತಿ ಬಂದು, ಈಗ ಕಾಯಿಪಲ್ಲೆಯ ಬುಟ್ಟಿಯ ಪಕ್ಕದಲ್ಲಿಯೂ ಕ್ಯೂಆರ್ ಫಲಕ ನಿಂತಿದೆ. ಅನುಕೂಲವೇನೋ ಹೌದು. ಆದರೆ ಮಗುವಿನ ಕಣ್ಣಿಗೆ ಕಾಣುವುದೇನು? ಅಪ್ಪ ಫೋನನ್ನು ತೋರಿಸಿದನು, ಸಾಮಾನು ಬಂದಿತು! ಹಣವು ಖರ್ಚಾಯಿತೆಂಬುದೇ ಅದಕ್ಕೆ ತಿಳಿಯದು. ಆದುದರಿಂದ ವಾರಕ್ಕೆ ಒಮ್ಮೆಯಾದರೂ ಮಗುವನ್ನು ಜೊತೆಗೆ ಕರೆದೊಯ್ದು ನಗದು ಕೊಟ್ಟು ಕೊಳ್ಳಿರಿ. ಫೋನಿನಿಂದ ಕೊಡುವಾಗ ಮೊತ್ತವನ್ನು ಮಗುವಿನಿಂದಲೇ ಗಟ್ಟಿಯಾಗಿ ಓದಿಸಿರಿ. ಮನೆಗೆ ಬಂದು ಅದನ್ನು ವಹಿಯಲ್ಲಿ ಬರೆಸಿರಿ.

ಅಂಗಡಿಗೆ ಒಬ್ಬನನ್ನೇ ಕಳುಹಿಸುವಾಗ ಮೊದಮೊದಲು ಸರಿಯಾದ ಹಣವನ್ನೇ ಕೊಟ್ಟು ಒಂದೇ ಸಾಮಾನನ್ನು ತರಿಸಿರಿ. ಆಮೇಲೆ ಚಿಲ್ಲರೆ ಮರಳಿ ಬರುವಂತೆ ಕೊಡಿರಿ. ಎಷ್ಟು ಬರಬೇಕೆಂಬುದನ್ನು ಹೊರಡುವ ಮೊದಲೇ ಮಗುವಿನ ಬಾಯಿಂದ ಕೇಳಿರಿ. ಚಿಲ್ಲರೆಗೆ ಬದಲು ಚಾಕಲೇಟು ಕೊಟ್ಟರೆ, “ರೊಕ್ಕಾನೇ ಕೊಡ್ರಿ ಕಾಕಾ” ಎಂದು ವಿನಯದಿಂದ ಕೇಳುವ ಧೈರ್ಯವನ್ನು ಕಲಿಸಿರಿ. ಎರಡು ರೂಪಾಯಿ ಕಡಿಮೆ ಬಂದಿತೆಂದು ಹೊಡೆಯಬೇಡಿರಿ. ಹೊಡೆತಕ್ಕೆ ಅಂಜಿದ ಮಗುವು ಮುಂದಿನ ಸಲ ಲೆಕ್ಕವನ್ನು ಕಲಿಯುವುದಿಲ್ಲ, ಸುಳ್ಳನ್ನು ಕಲಿಯುತ್ತದೆ. ಕುಳಿತು ಜೊತೆಯಲ್ಲಿ ಎಣಿಸಿ ನೋಡಿರಿ. ಆ ಎರಡು ರೂಪಾಯಿ ಪಾಠದ ಶುಲ್ಕವೆಂದು ತಿಳಿಯಿರಿ.

ಮುದ್ದು ಮಕ್ಕಳೇ, ನಿಮಗೂ ಒಂದು ಮಾತು. ಹಣವನ್ನು ಎಣಿಸಿ ಕೊಡಿರಿ, ಎಣಿಸಿ ತೆಗೆದುಕೊಳ್ಳಿರಿ. ಕಡಿಮೆ ಬಂದರೆ ಕೇಳಲು ನಾಚಬೇಡಿರಿ. ಹೆಚ್ಚು ಬಂದರೆ ಮರಳಿಸಲು ಮರೆಯಬೇಡಿರಿ. ಲೆಕ್ಕ ಬಲ್ಲವನಿಗೆ ಎರಡೂ ಒಂದೇ. ಗೆಳೆಯನು ಅಂಗಡಿಯಲ್ಲಿ ತಪ್ಪಿದರೆ ನಗಬೇಡಿರಿ; ಅವನ ಪಕ್ಕದಲ್ಲಿ ನಿಂತು ಎಣಿಸಿಕೊಡಿರಿ.

ಆ ಬಾಲಕನು ಏನಾದನೆಂದು ತಾವು ಕೇಳಬಹುದು. ಜೂನ್ ತಿಂಗಳು ಬಂದಿತು. ತಂದೆಯವರು ದಾಖಲೆಯನ್ನು ಕೇಳಲು ಬರಲಿಲ್ಲ. ಕಳೆದ ವರ್ಷ ಶಾಲೆಯ ಆನಂದ ಮೇಳಾವೆಯಲ್ಲಿ ಅವನು ಶೇಂಗಾ ಚಟ್ನಿಯ ಪುಡಿಕೆಗಳನ್ನು ಮಾರಲು ಕುಳಿತಿದ್ದನು. ನಾವು 50 ರೂಪಾಯಿಯ ನೋಟನ್ನು ಕೊಟ್ಟು 35 ರೂಪಾಯಿಯ ಚಟ್ನಿಯನ್ನು ಕೊಂಡೆವು. ಅವನು ಒಂದು ಐದರ ನಾಣ್ಯವನ್ನಿಟ್ಟು “ನಲವತ್ತು” ಎಂದನು. ಹತ್ತರ ನೋಟನ್ನಿಟ್ಟು “ಐವತ್ತು” ಎಂದನು. ನಮ್ಮ ಹಿಂದೆ ನಿಂತಿದ್ದ ಮರಾಠಿ ಗಿರಾಕಿಗೆ ಅದೇ ಉಸಿರಿನಲ್ಲಿ “ಚಾಳೀಸ್, ಪನ್ನಾಸ್” ಎಂದು ಎಣಿಸಿಕೊಟ್ಟನು. ಆತನ ತಾಯಿಯವರು ಇಂದು ಈ ಸಭೆಯಲ್ಲಿಯೇ ಕುಳಿತಿದ್ದಾರೆ. ಹೆಸರು ಹೇಳಿದರೆ ಅವರಿಗೆ ಸಂಕೋಚವಾದೀತೆಂದು ಹೇಳುವುದಿಲ್ಲ. ನಮಗೆ ಪಾಠ ಹೇಳಿಕೊಟ್ಟದ್ದಕ್ಕಾಗಿ ಅವರಿಗೆ ವಂದಿಸುತ್ತೇವೆ.