ಕತ್ತಿಯ ಬೆನ್ನು ಕಲ್ಲಿಗೆ ತಾಗಿರಲಿ

(ಮಂಗಳೂರಿನ ಬಲ್ಮಠದಲ್ಲಿ ಸೇರಿದ್ದ ಸದ್ಭಕ್ತರ ಸಭೆಯಲ್ಲಿ ದಯಪಾಲಿಸಿದ ಆಶೀರ್ವಚನದ ಬರಹರೂಪ)



ಇಂದು ನಾವು ಯಾವ ಗ್ರಂಥವನ್ನೂ ಹಿಡಿದು ಬಂದಿಲ್ಲ. ಒಂದು ಹಳೆಯ ಕ್ಷೌರದ ಕತ್ತಿಯನ್ನು ತಂದಿದ್ದೇವೆ. ಸ್ವಾಮಿಗಳ ಕೈಯಲ್ಲಿ ಕತ್ತಿ ಏಕೆಂದು ಮುಂದೆ ಕುಳಿತ ಮಕ್ಕಳು ನಗುತ್ತಿದ್ದಾರೆ. ನಗಲಿ. ಈ ಕತ್ತಿಯ ಮಾತು ಮುಗಿಯುವ ಹೊತ್ತಿಗೆ ನಾವು ಒಂದು ಸಾಲ ತೀರಿಸಬೇಕಾಗಿದೆ. ಅದಕ್ಕೆ ನೀವೆಲ್ಲ ಸಾಕ್ಷಿಯಾಗಬೇಕು.

ನಾವು ಬೀಡುಬಿಟ್ಟಿರುವ ಈ ಬಲ್ಮಠ ಅಕ್ಷರದ ಗುಡ್ಡ. ಬಾಸೆಲ್ ಮಿಶನ್ನಿನವರು 1841ರಲ್ಲಿ ಇಲ್ಲಿ ಮುದ್ರಣಾಲಯ ತೆರೆದರು. ಕಿಟ್ಟೆಲ್ಲರ ನಿಘಂಟು 1894ರಲ್ಲಿ ಅಚ್ಚಾಗಿ ಹೊರಬಂದದ್ದು ಆ ಮುದ್ರಣಾಲಯದಿಂದಲೇ. ಅಚ್ಚಿನ ಮೊಳೆ ಸೀಸದ್ದು. ಸವೆದರೆ ಕರಗಿಸಿ ಮತ್ತೆ ಎರಕ ಹೊಯ್ಯಬಹುದು. ಕ್ಷೌರದ ಕತ್ತಿಗೆ ಆ ಭಾಗ್ಯವಿಲ್ಲ. ಅದನ್ನು ಮತ್ತೆ ಬೆಂಕಿಗೆ ತೋರಿಸಿದರೆ ಉಕ್ಕಿನ ಹದವೇ ಹೋಗುತ್ತದೆ. ಅಳಿದುಳಿದ ಉಕ್ಕಿನಲ್ಲಿಯೇ ಅದು ಮತ್ತೆ ಬದುಕಬೇಕು. ಮನುಷ್ಯನ ಗತಿಯೂ ಅದೇ ಅಲ್ಲವೇ?

ನಮ್ಮ ಹಿರಿಯರು ಈ ವಸ್ತುವನ್ನು ಕೀಳಾಗಿ ಕಂಡವರಲ್ಲ. ಆತ್ಮಮಾರ್ಗ ಎಷ್ಟು ದುರ್ಗಮವೆಂದು ಹೇಳಲು ಕಠೋಪನಿಷತ್ತಿನ ಋಷಿಗೆ ಹೊಳೆದ ಹೋಲಿಕೆ ಕ್ಷುರದ ಧಾರೆಯದು. ಕ್ಷುರವೆಂದರೆ ಇದೇ, ಕ್ಷೌರದ ಕತ್ತಿ. ಇನ್ನು ಸುಶ್ರುತಾಚಾರ್ಯರನ್ನು ನೋಡಿ. ತಮ್ಮ ಸಂಹಿತೆಯ ಸೂತ್ರಸ್ಥಾನದಲ್ಲಿ ಅವರು ಶಸ್ತ್ರಗಳ ವಿಚಾರಕ್ಕಾಗಿಯೇ ಒಂದು ಅಧ್ಯಾಯವನ್ನು ಮೀಸಲಿಟ್ಟಿದ್ದಾರೆ. ಶಸ್ತ್ರಕ್ಕೆ ಎಂಟು ದೋಷಗಳನ್ನು ಎಣಿಸುತ್ತಾರೆ. ಡೊಂಕಾಗಿರುವುದು, ಮೊಂಡಾಗಿರುವುದು, ಮುಕ್ಕಾಗಿರುವುದು ಅವುಗಳಲ್ಲಿ ಸೇರಿವೆ. ಕತ್ತರಿಸುವ ಶಸ್ತ್ರದ ಧಾರೆ ಅರ್ಧ ಕೂದಲಿನಷ್ಟು ತೆಳುವಾಗಿರಬೇಕೆನ್ನುತ್ತಾರೆ. ಮಸೆಯಲು ಉದ್ದಿನ ಬಣ್ಣದ ನುಣುಪಾದ ಕಲ್ಲು, ಧಾರೆಯನ್ನು ನಿಲ್ಲಿಸಲು ಬೂರುಗದ ಹಲಗೆ ಎಂದು ವಿಧಿಸುತ್ತಾರೆ. ರೋಮವನ್ನು ಕತ್ತರಿಸುವಷ್ಟು ಹರಿತವಾದ ಮೇಲೆಯೇ ಅದನ್ನು ಬಳಸಬೇಕೆಂಬುದು ಅವರ ಅಪ್ಪಣೆ. ಪಾಠಶಾಲೆಯಲ್ಲಿ ನಾವು ಇದನ್ನೆಲ್ಲ ಓದಿದ್ದೆವು. ಆದರೆ ಓದಿದ್ದು ಅರ್ಥವಾದದ್ದು ಈ ವಾರ, ಬಲ್ಮಠದಲ್ಲಿ.

ನಾವು ಇಳಿದುಕೊಂಡ ಮನೆಗೆ ಎಪ್ಪತ್ತು ದಾಟಿದ ಕ್ಷೌರಿಕರೊಬ್ಬರು ಬಂದಿದ್ದರು. ತಂದೆಯಿಂದ ವಿದ್ಯೆ ಕಲಿತವರು. ನಮ್ಮ ಚೀಲದಲ್ಲಿದ್ದ ಈ ಕತ್ತಿಯನ್ನು ಅವರಿಗೆ ತೋರಿಸಿದೆವು. ಆಗ ಇದು ಕತ್ತಿಯಂತೆ ಕಾಣುತ್ತಿರಲಿಲ್ಲ, ತುಕ್ಕಿನ ತುಂಡಿನಂತಿತ್ತು. ಸಾಣೆ ಹಿಡಿಯುವವನ ಚಕ್ರಕ್ಕೆ ಕೊಡಬಹುದೇ ಎಂದು ಕೇಳಿದೆವು. ಅವರು ಗಾಬರಿಯಾಗಿ, “ಬೇಡ ಸ್ವಾಮೀಜಿ, ಇದನ್ನು ಚಕ್ರಕ್ಕೆ ಕೊಡ್ಲಿಕ್ಕಿಲ್ಲ. ಬಿಸಿಯಾಗಿ ಧಾರೆ ನೀಲಿ ತಿರುಗಿದ್ರೆ ಮತ್ತೆ ಅದಕ್ಕೆ ಜೀವ ಇಲ್ಲ. ನನಗೆ ಮೂರು ಬೆಳಿಗ್ಗೆ ಕೊಡಿ” ಎಂದರು.

ಮೊದಲನೆಯ ಬೆಳಿಗ್ಗೆ ಅವರು ಕತ್ತಿಯನ್ನು ಹರಿತ ಮಾಡಲೇ ಇಲ್ಲ, ಪರೀಕ್ಷೆ ಮಾಡಿದರು. ಉಗುರಿನಿಂದ ಅಲಗನ್ನು ಮೀಟಿ ಕಿವಿಗೊಟ್ಟರು. ಸಣ್ಣಗೆ ಉಲಿದರೆ ಉಕ್ಕು ಅಖಂಡ. ಒಡಕು ದನಿ ಬಂದರೆ ಒಳಗೆಲ್ಲೋ ಬಿರುಕು. ಬಿರುಕು ಆಳಕ್ಕಿಳಿದಿದ್ದರೆ ಯಾವ ಕಲ್ಲೂ ಅದನ್ನು ಉಳಿಸಲಾರದು. ಇದು ಉಲಿಯಿತು. ಆಮೇಲೆ ಎಣ್ಣೆ ಹಚ್ಚಿ ನೆನೆಯಲು ಬಿಟ್ಟರು. ಮೇಲಿನ ಕೆಂಪು ತುಕ್ಕು ಎಣ್ಣೆಗೂ ನುಣುಪು ಪಾಲಿಶ್ ಕಾಗದಕ್ಕೂ ಜಗ್ಗಿತು. ಕಪ್ಪು ತುಕ್ಕು ಕುಳಿ ತೋಡಿಕೊಂಡು ಕೂತಿರುತ್ತದೆ. ಅದು ಬೆನ್ನಿನ ಕಡೆಗಿದ್ದರೆ ಕಲೆಯಾಗಿ ಉಳಿದರೂ ಬಾಧೆಯಿಲ್ಲ. ಧಾರೆಯಲ್ಲಿದ್ದರೆ ಗಟ್ಟಿ ಉಕ್ಕು ಸಿಗುವತನಕ ಹಿಂದೆ ಸರಿಯಲೇಬೇಕು. ಎಲ್ಲ ಕಲೆಯನ್ನೂ ತೆಗೆಯುತ್ತೇನೆಂದು ಹೊರಟರೆ ಕತ್ತಿಯೇ ಉಳಿಯುವುದಿಲ್ಲ ಎಂದರು. ಯಾವ ಕಲೆಯೊಡನೆ ಬಾಳಬಹುದು, ಯಾವುದನ್ನು ಬಿಡಲಾಗದು ಎಂಬ ವಿವೇಕ ನೋಡಿ ಅವರದು!

ಎರಡನೆಯ ಬೆಳಿಗ್ಗೆಯೂ ಕತ್ತಿಯನ್ನು ಮುಟ್ಟುವ ಮೊದಲು ಸಾಣೆಕಲ್ಲನ್ನೇ ಉಜ್ಜತೊಡಗಿದರು. ಏಕೆಂದು ಕೇಳಿದೆವು. “ಮಸೆದು ಮಸೆದು ಕಲ್ಲು ನಡುವೆ ತಗ್ಗಾಗ್ತದೆ. ಡೊಂಕು ಕಲ್ಲಿನ ಮೇಲೆ ನೇರ ಧಾರೆ ಬರ್ಲಿಕ್ಕಿಲ್ಲ” ಎಂದರು. ಪೀಠದ ಮೇಲೆ ಕುಳಿತು ಹತ್ತಾರು ಜನರನ್ನು ತಿದ್ದುತ್ತೇವೆಂದುಕೊಂಡಿರುವ ನಮಗೆ ಆ ಮಾತು ನೇರವಾಗಿ ತಾಗಿತು.

ಕಲ್ಲಿನ ನುಣುಪನ್ನು ಈಗ ಅಂಕಿಯಲ್ಲಿ ಹೇಳುತ್ತಾರೆ. ಮೊದಲು 1000ದ ಕಲ್ಲು. ಧಾರೆಯ ಎರಡೂ ಮೈಗಳು ಒಂದು ಗೆರೆಯಲ್ಲಿ ಕೂಡುವುದು ಇಲ್ಲಿಯೇ. ಇಲ್ಲಿ ಕೂಡದಿದ್ದರೆ ಮುಂದಿನ ಕಲ್ಲುಗಳೆಲ್ಲ ವ್ಯರ್ಥ. ಆಮೇಲೆ 4000, 8000, ಕೊನೆಗೆ 12000. ಒಂದೊಂದು ಕಲ್ಲೂ ಹಿಂದಿನ ಕಲ್ಲು ಬಿಟ್ಟ ಗೀರುಗಳನ್ನು ತೆಗೆದು ಅದಕ್ಕಿಂತ ಸಣ್ಣ ಗೀರುಗಳನ್ನು ಬಿಡುತ್ತದೆ. ಧಾರೆ ಮುಂದಾಗಿ ಸಾಗುತ್ತದೆ. ಕತ್ತಿಯ ತೂಕವೇ ಸಾಕು, ಕೈ ಒತ್ತಬಾರದು. ಎಲ್ಲಕ್ಕೂ ಮುಖ್ಯವಾದುದೆಂದರೆ ಕತ್ತಿಯ ಬೆನ್ನು ಕಲ್ಲನ್ನು ಬಿಟ್ಟು ಏಳಕೂಡದು. ಅಡಿಗೆಮನೆಯ ಚೂರಿಯನ್ನು ಮಸೆಯುವಾಗ ಬೆನ್ನನ್ನು ಎತ್ತಿ ಹಿಡಿಯುತ್ತೇವೆ. ಕ್ಷೌರದ ಕತ್ತಿಯಲ್ಲಿ ಧಾರೆ ಯಾವ ಕೋನದಲ್ಲಿರಬೇಕೆಂಬುದನ್ನು ಬೆನ್ನಿನ ದಪ್ಪವೇ ನಿರ್ಧರಿಸುತ್ತದೆ. ಆದ್ದರಿಂದ ಬೆನ್ನೂ ಧಾರೆಯೂ ಒಟ್ಟಿಗೆ ಮಲಗಬೇಕು, ಒಟ್ಟಿಗೆ ಸವೆಯಬೇಕು. ಧಾರೆಯೊಂದೇ ಸವೆಯಲಿ, ಬೆನ್ನು ಮೇಲೆ ಉಳಿಯಲಿ ಎಂದರೆ ಕ್ಷೌರದ ಧಾರೆ ಬರುವುದಿಲ್ಲ.

ಆಗ ಅವರು ಮಸೂರವನ್ನು ಕಣ್ಣಿಗೆ ಹಿಡಿದು ನೋಡುತ್ತ, “ಇಲ್ಲೊಂದು ಮುಕ್ಕು ಉಂಟು ಸ್ವಾಮೀಜಿ. ಇದು ತುಕ್ಕಿನದ್ದಲ್ಲ. ಯಾರೋ ಗಟ್ಟಿ ಏನನ್ನೋ ಹೆರೆದಿದ್ದಾರೆ. ಕ್ಷೌರ ಮಾಡುವವ ಹೀಗೆ ಮಾಡ್ಲಿಕ್ಕಿಲ್ಲ” ಎಂದರು.

ಸದ್ಭಕ್ತರೇ, ಆ ‘ಯಾರೋ’ ನಾವು.

ನಮಗಾಗ ಹನ್ನೊಂದು ವರ್ಷ. ಉತ್ತರ ಕರ್ನಾಟಕದ ಒಂದು ಮಠದಲ್ಲಿ ಓದುತ್ತಿದ್ದೆವು. ಗುರುಗಳ ಕ್ಷೌರಕ್ಕೆ ಹಡಪದ ಅಜ್ಜನೊಬ್ಬ ಬರುತ್ತಿದ್ದ. ಒಂದು ದಿನ ಅವನು ಪ್ರಸಾದಕ್ಕೆ ಕುಳಿತಾಗ ಅವನ ಚೀಲ ಬಿಚ್ಚಿ, ಈ ಕತ್ತಿಯಿಂದ ನಾವು ಪೆನ್ಸಿಲ್ ಹೆರೆದು, ಏನೂ ಅರಿಯದವರಂತೆ ಮತ್ತೆ ಇಟ್ಟುಬಿಟ್ಟೆವು. ಸ್ವಲ್ಪ ಹೊತ್ತಿನಲ್ಲಿ ಗುರುಗಳ ತಲೆಯಿಂದ ರಕ್ತ ಬಂತು. ಮಠದ ಕಾರಭಾರಿ ಓಡಿ ಬಂದು, “ಕೈ ನಡಗೂ ವಯಸ್ಸಾತು, ಇನ್ನ ಬರಬ್ಯಾಡ” ಎಂದು ಗದರಿಸಿದ. ಅಜ್ಜ ಹೆಬ್ಬೆರಳನ್ನು ಧಾರೆಯ ಮೇಲೆ ಮೆಲ್ಲಗೆ ಆಡಿಸಿದ. ಕಂಬದ ಮರೆಯಲ್ಲಿ ನಿಂತಿದ್ದ ನಮ್ಮನ್ನು ಒಮ್ಮೆ ನೋಡಿದ. ಏನೂ ಅನ್ನಲಿಲ್ಲ. ಚೀಲ ಕಟ್ಟಿಕೊಂಡು ಹೋದ.

ಏಳೆಂಟು ವರ್ಷದ ಮೇಲೆ ಗುರುಗಳ ಪಾದ ಹಿಡಿದು ತಪ್ಪೊಪ್ಪಿಕೊಂಡೆವು. ಅವರು, “ನನ್ನ ಮುಂದ ಯಾಕ ಹೇಳ್ತಿ? ರಕ್ತ ನನ್ನದು ಬಂತು ಖರೆ, ಅನ್ನ ಹೋದದ್ದು ಅವನದು. ಅವನ ಮುಂದ ಹೇಳಿ ಬಾ” ಎಂದರು. ಹೋದೆವು. ಅಜ್ಜ ತೀರಿಕೊಂಡು ವರ್ಷವಾಗಿತ್ತು. ಮಠದಿಂದ ಬಂದವರೆಂದು ಮನೆಯವರು ಕಂಬಳಿ ಹಾಸಿ ಕೂರಿಸಿದರು. ಮೊಮ್ಮಗ ಈ ಕತ್ತಿಯನ್ನು ತಂದು ಮುಂದಿಟ್ಟು, “ಅಜ್ಜ ಮಠ ಬಿಟ್ಟ ಮ್ಯಾಲೆ ಇದನ್ನ ಮಸೀಲೇ ಇಲ್ರಿ, ನಮಗೂ ಮುಟ್ಟಗೊಡಲಿಲ್ರಿ. ನೀವ ಇಟಗೊಳ್ರಿ” ಎಂದ. ಬಾಯಿ ಬರಲಿಲ್ಲ. ವಿಭೂತಿ ಕೊಟ್ಟು, ಕತ್ತಿ ತೆಗೆದುಕೊಂಡು ಬಂದುಬಿಟ್ಟೆವು. ಮುಂದೆ ಪೀಠವೇರಿದ ಮೇಲೆ ಸತ್ಯದ ವಿಷಯವಾಗಿ ಎಷ್ಟು ಆಶೀರ್ವಚನ ಮಾಡಿದೆವೋ ಲೆಕ್ಕವಿಲ್ಲ. ಕತ್ತಿ ಮಾತ್ರ ಪೆಟ್ಟಿಗೆಯಲ್ಲಿ ತುಕ್ಕು ಹಿಡಿಯುತ್ತಿತ್ತು.

ಆ ಮುಕ್ಕು ಒಂದು ಕೂದಲೆಳೆಯಷ್ಟೇ. ಆದರೆ ಅದೊಂದನ್ನು ಕಳೆಯಲು ಅಲಗಿನ ಉದ್ದಕ್ಕೂ ಅಷ್ಟು ಉಕ್ಕನ್ನು ಸವೆಸಬೇಕಾಯಿತು. ನಾವು ಮಾಡಿದ್ದು ಒಂದು ಗಳಿಗೆಯ ಕೆಲಸ. ಸವೆದದ್ದು ಇಡೀ ಕತ್ತಿ.

ಮೂರನೆಯ ಬೆಳಿಗ್ಗೆ ಚರ್ಮದ ಪಟ್ಟಿ. ಸುಶ್ರುತರ ಬೂರುಗದ ಹಲಗೆಯ ಕೆಲಸವನ್ನು ಇಂದು ಇದು ಮಾಡುತ್ತದೆ. ಕಲ್ಲಿನ ಮೇಲೆ ಧಾರೆ ಮುಂದು. ಚರ್ಮದ ಮೇಲೆ ಬೆನ್ನು ಮುಂದು, ಇಲ್ಲದಿದ್ದರೆ ಪಟ್ಟಿಯೇ ಸೀಳುತ್ತದೆ. ಹೊರಳಿಸುವಾಗಲೂ ಬೆನ್ನಿನ ಮೇಲೆಯೇ ಹೊರಳಬೇಕು. ಐವತ್ತು ಸಲ ಎಳೆದು, ತಮ್ಮ ತೋಳಿನ ರೋಮಕ್ಕೆ ತಾಗಿಸಿದರು. ಸದ್ದಿಲ್ಲದೆ ಉದುರಿತು. ಕೂಡಲೇ ಒರೆಸಿ ಎಣ್ಣೆ ಸವರಿದರು. ಈ ಕರಾವಳಿಯ ಉಪ್ಪು ಗಾಳಿಗೆ, ಮಳೆಗಾಲದ ತೇವಕ್ಕೆ ಒಣ ಉಕ್ಕು ಒಂದು ರಾತ್ರಿಯೂ ತಡೆಯದಂತೆ. ಇನ್ನೊಂದು ಮಾತನ್ನೂ ಅವರೇ ಹೇಳಿದರು. ಇಂಥ ಕತ್ತಿ ಒಬ್ಬನಿಗೆ ಮಾತ್ರ ಸಲ್ಲಬೇಕು, ಹತ್ತು ಜನರಿಗೆ ಆಡಿಸಬಾರದು. ರಕ್ತದಿಂದ ಹರಡುವ ಕಾಮಾಲೆ, ಏಡ್ಸ್ ಮೊದಲಾದ ರೋಗಗಳ ಭಯವಿರುವುದರಿಂದ ಅಂಗಡಿಗಳಲ್ಲಿ ಪ್ರತಿಯೊಬ್ಬರಿಗೂ ಹೊಸ ಬ್ಲೇಡು ಹಾಕುವುದೇ ಧರ್ಮ.

ಹಡಪವೆಂದರೆ ಎಲೆಯಡಿಕೆಯ ಚೀಲ. ಕ್ಷೌರಿಕನ ಚೀಲಕ್ಕೂ ಅದೇ ಹೆಸರು. ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರ ಬಳಿಯಲ್ಲಿದ್ದು ಹಡಪ ಹಿಡಿದ ಅಪ್ಪಣ್ಣನವರೂ ಅವರ ಪತ್ನಿ ಲಿಂಗಮ್ಮನವರೂ ವಚನಕಾರರಾಗಿ ಬೆಳಗಿದರು. ಅವರನ್ನು ಶರಣರೆಂದು ಕೈಮುಗಿಯುವ ನಾವು, ಬೀದಿಯಲ್ಲಿ ಜಗಳ ಬಂದರೆ ‘ಹಜಾಮ’ ಎಂದು ಬೈಯುತ್ತೇವೆ. ಆ ಶಬ್ದದ ಮೂಲ ಅರಬ್ಬಿ. ಮೈಯ ಕೆಟ್ಟ ರಕ್ತವನ್ನು ಹೀರಿ ತೆಗೆಯುವ ವೈದ್ಯಕ ಬಲ್ಲವನೆಂದು ಅದರ ಅರ್ಥ. ಚಿಕಿತ್ಸೆ ಮಾಡುವವನ ಹೆಸರನ್ನು ಬೈಗುಳ ಮಾಡಿದ ನಾಲಗೆಗೂ ಸಾಣೆ ಬೇಕಾಗಿದೆ.

ಈಗ ಸಾಲದ ಮಾತು. ಇಲ್ಲಿಂದ ನಾವು ನೇರವಾಗಿ ಆ ಊರಿಗೆ ಹೋಗುತ್ತೇವೆ. ಅಜ್ಜನ ಹೆಸರು ಹೇಳಿ, ಊರವರ ಎದುರಿಗೆ ಈ ಕತ್ತಿಯನ್ನು ಮೊಮ್ಮಗನ ಕೈಗಿಡುತ್ತೇವೆ. ಕ್ಷಮಿಸುವುದೂ ಬಿಡುವುದೂ ಅವನಿಗೆ ಸೇರಿದ್ದು. ಇಂದು ಇಲ್ಲಿ ಆಡಿದ್ದನ್ನು ಬರೆದುಕೊಳ್ಳುತ್ತಿರುವವರು ಒಂದು ವಾಕ್ಯವನ್ನು ಮಾತ್ರ ತಿದ್ದದೆ ಅಚ್ಚಿಗೆ ಕೊಡಬೇಕು: ಆ ದಿನ ಅಜ್ಜನ ಕೈ ನಡುಗಿರಲಿಲ್ಲ.

ನಿಮ್ಮ ನಿಮ್ಮ ಮನೆಯ ಪೆಟ್ಟಿಗೆಗಳಲ್ಲಿಯೂ ಇಂಥ ಕತ್ತಿಗಳಿದ್ದಾವು. ಉಕ್ಕು ಉಳಿದಿರುವಾಗಲೇ ಹೊರಗೆ ತೆಗೆಯಿರಿ. ಬೆನ್ನು ಬಾಗಿಸುವ ಶಕ್ತಿಯನ್ನು ಆ ಪರಮಾತ್ಮನು ನಮಗೂ ನಿಮಗೂ ಕರುಣಿಸಲೆಂದು ಹಾರೈಸಿ ಮಾತಿಗೆ ಮಂಗಳ ಹಾಡುತ್ತೇವೆ. ಶರಣು.