‘ಸಾರ್’ ಅಂದ್ರೆ ಯಾರು?

ದಿನಕ್ಕೆ ಹತ್ತಾರು ಸಲ ನಮ್ಮ ಬಾಯಲ್ಲಿ ಬಂದು ಹೋಗೋ ಒಂದು ಪುಟ್ಟ ಪದದ ಬಗ್ಗೆ ಇವತ್ತು ಮಾತಾಡೋಣ. ಅದೇ, ‘ಸಾರ್’.

ಇಂಗ್ಲಿಷಿನಲ್ಲಿ ಇದಕ್ಕೆ ಎರಡು ಕೆಲಸ. ಒಂದು, ಬಿರುದು. 1915ರಲ್ಲಿ ಬ್ರಿಟಿಷ್ ಸರ್ಕಾರ ನೈಟ್ ಪದವಿ ಕೊಟ್ಟ ಮೇಲೆ ವಿಶ್ವೇಶ್ವರಯ್ಯನವರು ‘ಸರ್ ಎಂ.ವಿ.’ ಆದರು. ಅದೇ ವರ್ಷ ಆ ಪದವಿ ಪಡೆದಿದ್ದ ರವೀಂದ್ರನಾಥ ಠಾಕೂರರು, ಜಲಿಯನ್‌ವಾಲಾ ಬಾಗ್ ಹತ್ಯಾಕಾಂಡವನ್ನು ಖಂಡಿಸಿ 1919ರಲ್ಲಿ ಅದನ್ನು ತ್ಯಜಿಸಿದರು.

ಇನ್ನೊಂದು ಕೆಲಸ, ಹೆಸರು ಹೇಳದೆ ಮರ್ಯಾದೆಯಿಂದ ಕರೆಯೋದು. ನಾವು ಹಿಡ್ಕೊಂಡಿದ್ದು ಇದನ್ನೇ. ಬಿರುದಾಗಿದ್ದಾಗ ಹೆಸರಿಗಿಂತ ಮೊದಲು ಬರ್ತಿದ್ದ ಪದವನ್ನು ಹೆಸರಾದ ಮೇಲೆ ಇಟ್ಟು, ‘ರಮೇಶ್ ಸರ್’ ಅಂದ್ವಿ. ರಾಮಣ್ಣ, ಶಂಕರ ಮಾವ ಅಂದ ಹಾಗೆ.

ಈ ಪದದಿಂದ ಉಪಕಾರವೂ ಆಗಿದೆ. ‘ಎಲ್ಲಿಗೆ ಸಾರ್?’, ‘ಚಿಲ್ಲರೆ ಇದ್ಯಾ ಸಾರ್?’ ಅನ್ನೋಕೆ ಎದುರಿಗಿರೋರ ಜಾತಿ, ಊರು ಗೊತ್ತಿರಬೇಕಿಲ್ಲ. ‘ಬುದ್ಧೀ’, ‘ಧಣೀ’ ಅಂತ ಕೈಕಟ್ಟಿ ನಿಲ್ಲಬೇಕಿದ್ದ ಜನರಿಗೆ ಇದು ಸಣ್ಣ ಬಿಡುಗಡೆಯೇ.

ಆದರೆ ಒಮ್ಮೆ ಪಹಣಿ ಕೆಲಸಕ್ಕೆ ಅಂತ ಒಂದು ಕಚೇರಿಗೆ ಹೋಗಿದ್ದೆ. ನನ್ನ ಮುಂದೆ ಎಪ್ಪತ್ತು ದಾಟಿದ ಒಬ್ಬ ಅಜ್ಜ. ಮಾತು ಮಾತಿಗೂ ‘ಸಾರ್, ಸಾರ್’ ಅಂತಿದ್ದರು. ಮೇಜಿನ ಆಚೆ ಮೊಮ್ಮಗನ ವಯಸ್ಸಿನ ಹುಡುಗ. ತಲೆ ಎತ್ತದೆ ಕೇಳಿದ: ‘ಏನಯ್ಯಾ ನಿಂದು?’

‘ಸರ್’ ಪದದ ಬೇರು ಲ್ಯಾಟಿನ್ನಿನ ‘ಸೀನಿಯರ್’. ಅಂದರೆ ಹಿರಿಯ, ವಯಸ್ಸಾದವರು. ಹಾಗಾದ್ರೆ ಆ ಕೋಣೆಯಲ್ಲಿ ‘ಸಾರ್’ ಯಾರು? ನಿಂತಿದ್ದವರೋ, ಕೂತಿದ್ದವನೋ?

ಕೇರಳದ ಪಾಲಕ್ಕಾಡ್ ಜಿಲ್ಲೆಯ ಮಾತೂರು ಗ್ರಾಮ ಪಂಚಾಯಿತಿ 2021ರಲ್ಲಿ ಒಂದು ತೀರ್ಮಾನ ಮಾಡಿತು: ಕಚೇರಿಗೆ ಬರುವ ಜನ ‘ಸರ್’, ‘ಮೇಡಂ’ ಅನ್ನಬೇಕಿಲ್ಲ, ಸಿಬ್ಬಂದಿಯನ್ನು ಹೆಸರಿನಿಂದಲೋ ಹುದ್ದೆಯಿಂದಲೋ ಕರೆಯಬಹುದು.

ನಾವು ಅಷ್ಟು ದೂರ ಹೋಗದಿದ್ದರೂ ಪರವಾಗಿಲ್ಲ. ಕೆಳಗಿಂದ ಮೇಲಕ್ಕೆ ಹೋದ ಮರ್ಯಾದೆ ಒಮ್ಮೆಯಾದ್ರೂ ವಾಪಸ್ ಬರಲಿ. ಅಜ್ಜನಿಗೆ ‘ಸಾರ್’ ಅನ್ನೋದು ನಾಲಿಗೆಗೆ ಕಷ್ಟವಾದ್ರೆ ‘ಕೂತ್ಕೊಳ್ಳಿ ಯಜಮಾನ್ರೇ’ ಅಂತ ಹೇಳಬಹುದಲ್ಲ? ಅದಕ್ಕೆ ಯಾವ ಅರ್ಜಿಯೂ ಬೇಡ, ಮೇಲಧಿಕಾರಿಯ ಸಹಿಯೂ ಬೇಡ.