ಕಂಪ್ಯೂಟರ್ ಲೆಕ್ಕ ತಡವಾಗುವುದೇಕೆ?

(ಮೈಸೂರಿನಲ್ಲಿ ಸಂಘಗಳ ಸದಸ್ಯರಿಗಾಗಿ ನಡೆದ ತರಬೇತಿ ಶಿಬಿರದಲ್ಲಿ ಒಕ್ಕೂಟದ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣ)



ದನದ ಡಾಕ್ಟರಿಗೆ ಕಂಪ್ಯೂಟರಿನ ಮಾತೇಕೆ ಎನ್ನಬಹುದು. ಆದರೆ ಯಾವ ಹಳ್ಳಿಗೆ ಹೋದರೂ ಕರುವಿನ ಭೇದಿಗಿಂತ ಮೊದಲು ಬರುವ ಪ್ರಶ್ನೆ ಇದು: "ಸಾರ್, ನಮ್ಮ ಹೆಬ್ಬಾಳದಲ್ಲೇ ಇನ್ಫೋಸಿಸ್ ಇದೆ. ಸಂಘದ ಲೆಕ್ಕಕ್ಕೆ ಒಂದು ಪ್ರೋಗ್ರಾಂ ಮಾಡಲು ಎಷ್ಟು ದಿನ ಬೇಕು?"

ಹೊರಗಿನಿಂದ ನೋಡಿದರೆ ಲೆಕ್ಕ ಸುಲಭ. ಆದರೆ ಜಿಡ್ಡಿನಾಂಶ ಏರಿಳಿದರೆ ದರ ಬೇರೆ. ಪಶು ಆಹಾರದ ಬಾಕಿ ಮುರಿದುಕೊಳ್ಳಬೇಕು. ಕರೆಂಟು ಹೋದ ಹೊತ್ತಿನ ಹಾಲು ಕೈಬರಹದಲ್ಲಿರುತ್ತದೆ. ಒಂದೇ ಊರಿನಲ್ಲಿ ಮೂವರು ಮಹದೇವಮ್ಮ ಇರುತ್ತಾರೆ. ನಮ್ಮ ಕಾರ್ಯದರ್ಶಿಗಳು ಇದನ್ನೆಲ್ಲ ತಲೆಯಲ್ಲೇ ಇಟ್ಟುಕೊಂಡಿರುತ್ತಾರೆ. ಯಂತ್ರಕ್ಕೆ ಒಂದೊಂದನ್ನೂ ಬಿಡಿಸಿ ಹೇಳಬೇಕು. ಹೇಳಲು ಮರೆತದ್ದು ಬಳಸುವಾಗಲೇ ಗೊತ್ತಾಗುವುದು. ಒಂದು ಕಡೆ ತಿದ್ದಿದರೆ ಇನ್ನೊಂದು ಕಡೆ ಕೆಟ್ಟಿದೆಯೇ ಎಂದು ಮತ್ತೆ ಎಲ್ಲವನ್ನೂ ಪರೀಕ್ಷಿಸಬೇಕು. ಮೇವನ್ನು ಏಕಾಏಕಿ ಬದಲಿಸಿದರೆ ಹಸುವಿನ ಹೊಟ್ಟೆ ಕೆಡುವುದಿಲ್ಲವೇ, ಹಾಗೆ.

ಹೆಚ್ಚು ಜನರನ್ನು ಹಾಕಿದರೆ ಆಗದೇ? ಐ.ಬಿ.ಎಂ. ಕಂಪನಿಯಲ್ಲಿ ದೊಡ್ಡ ತಂಡವನ್ನು ನಡೆಸಿದ್ದ ಫ್ರೆಡ್ ಬ್ರೂಕ್ಸ್ ಎಂಬವರು 1975ರಲ್ಲೇ ಪುಸ್ತಕ ಬರೆದು, ತಡವಾದ ಕೆಲಸಕ್ಕೆ ಹೊಸಬರನ್ನು ಸೇರಿಸಿದರೆ ಇನ್ನಷ್ಟು ತಡವಾಗುತ್ತದೆ ಎಂದರು. ಹಳಬರ ಸಮಯ ಹೊಸಬರಿಗೆ ಕಲಿಸುವುದರಲ್ಲೇ ಹೋಗುತ್ತದೆ.

ನಮ್ಮ ಪಹಣಿಯನ್ನೇ ನೋಡಿ. 1990ರ ದಶಕದಲ್ಲಿ ಒಮ್ಮೆ ಕಂಪ್ಯೂಟರಿಗೆ ತುಂಬಿಸಿದರು. ಖಾತೆ ಬದಲಾವಣೆ ಮಾತ್ರ ಪುಸ್ತಕದಲ್ಲೇ ನಡೆಯಿತು. ತುಂಬಿಸಿದ್ದು ಹಳತಾಗಿ ಪ್ರಯೋಜನಕ್ಕೆ ಬಾರದಾಯಿತು. ಮುಂದೆ 'ಭೂಮಿ' ಯೋಜನೆಯಲ್ಲಿ 177 ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿಗಳನ್ನು ನಮೂದಿಸಿ, ಗ್ರಾಮ ಲೆಕ್ಕಿಗರಿಂದ ಮೂಲ ಪುಸ್ತಕದೊಡನೆ ತಾಳೆ ನೋಡಿಸಿದರು. ಅದಾದ ಮೇಲೆಯೇ ಕೈಬರಹದ ಪಹಣಿಗೆ ಮಾನ್ಯತೆ ತಪ್ಪಿತು.

ಅವಸರಪಟ್ಟರೆ ಏನಾಗುತ್ತದೆಂದು ನಾನೇ ಕಂಡಿದ್ದೇನೆ. ಒಂದು ಸಂಘದಲ್ಲಿ ಹೊಸ ಲೆಕ್ಕ ಶುರುವಾದ ದಿನವೇ ಹಳೆಯ ಪುಸ್ತಕ ಮುಚ್ಚಿದರು. ಗಂಡನಿಲ್ಲದ ತಾಯಿಯೊಬ್ಬರ ಬಟವಾಡೆ ಅದೇ ಹೆಸರಿನ ಮತ್ತೊಬ್ಬರ ಖಾತೆಗೆ ಹೋಯಿತು. ತಪ್ಪು ಸರಿಹೋಗುವಷ್ಟರಲ್ಲಿ ಮಗನ ಫೀಸಿಗೆಂದು ಆಕೆ ಕಡಸನ್ನು ಮಾರಿಯಾಗಿತ್ತು. ಅದು ಗಬ್ಬದ ಕಡಸು. ತಪಾಸಣೆ ಮಾಡಿದ್ದವನು ನಾನೇ.

ಆದುದರಿಂದ ತಮ್ಮಲ್ಲಿ ನನ್ನ ವಿನಂತಿ ಇಷ್ಟು. ಹೆಸರು, ಬ್ಯಾಂಕ್ ಪಾಸ್‌ಬುಕ್ಕು, ಹಸುವಿನ ಕಿವಿಯೋಲೆಯ 12 ಅಂಕಿ ಕೇಳಿದಾಗ ಸರಿಯಾಗಿ ಕೊಡಿ. ಎರಡು ಮೂರು ಬಟವಾಡೆಯವರೆಗೆ ಪುಸ್ತಕವೂ ಕಂಪ್ಯೂಟರೂ ಜೊತೆಯಲ್ಲೇ ನಡೆಯಲಿ. ಚೀಟಿಯನ್ನು ತಾಳೆ ನೋಡಿ, ತಪ್ಪಿದ್ದರೆ ಅಂದೇ ಹೇಳಿ. ಹಾಗೆಂದು ಎಲ್ಲ ತಡವೂ ನ್ಯಾಯವಲ್ಲ. "ಯಾವ ಕೆಲಸ ಉಳಿದಿದೆ?" ಎಂದು ಸರ್ವ ಸದಸ್ಯರ ಸಭೆಯಲ್ಲಿ ಕೇಳಿ. ಉತ್ತರ ಹೇಳಬಲ್ಲವರಿಗೆ ಕಾಲಾವಕಾಶ ಕೊಡಿ, ಹೇಳಲಾರದವರನ್ನು ಬಿಡಬೇಡಿ.